ಕಲೆಯೋ, ಬೂದಿ ಮುಚ್ಚಿದ ಕೆಂಡವೋ: ಗುದನಾಳದ ಕ್ಯಾನ್ಸರ್ ಚಿಕಿತ್ಸೆಯ ನಂತರ ಸ್ಕ್ಯಾನ್‌ಗೆ ಕಾಣುವುದೇನು?

ಪರದೆಯ ಮೇಲೆ ಎರಡು ಎಂಆರ್‌ಐ ಚಿತ್ರಗಳು ಅಕ್ಕಪಕ್ಕ ಇವೆ ಅಂದುಕೊಳ್ಳಿ. ಎಡಗಡೆಯದು ಚಿಕಿತ್ಸೆಗೆ ಮುಂಚಿನದು. ಗುದನಾಳದ ಗೋಡೆಗೆ ಅಂಟಿಕೊಂಡ ಬೂದು ಬಣ್ಣದ ಗಡ್ಡೆಯೊಂದು ಒಳಕ್ಕೆ ಉಬ್ಬಿ ನಿಂತಿದೆ. ಬಲಗಡೆಯದು ರೇಡಿಯೇಷನ್, ಕೀಮೋ ಎರಡೂ ಮುಗಿದು ಎಂಟು ವಾರ ಕಳೆದ ಮೇಲೆ ತೆಗೆದದ್ದು. ಗಡ್ಡೆ ಇದ್ದ ಜಾಗದಲ್ಲಿ ಈಗ ಕಪ್ಪು ಪಟ್ಟಿ ಮಾತ್ರ ಇದೆ. ಆದರೆ ಅದೇ ದಿನ ತೆಗೆದ ಇನ್ನೊಂದು ಬಗೆಯ ಎಂಆರ್‌ಐ ಚಿತ್ರದಲ್ಲಿ, ಗುದನಾಳದ ಗೋಡೆಯಲ್ಲಿ ಮೂರ್ನಾಲ್ಕು ಮಿಲಿಮೀಟರ್‌ನ ಒಂದು ಬಿಳಿ ಚುಕ್ಕೆ ಹೊಳೆಯುತ್ತಿದೆ. ರಿಪೋರ್ಟ್‌ನ ಕೊನೆಯ ಸಾಲು ಹೀಗಿದೆ: ಬಹುತೇಕ ಪೂರ್ಣ ಸ್ಪಂದನೆ.

ಆ 'ಬಹುತೇಕ' ಅನ್ನುವ ಪದ ಓದಿದವರಿಗೆ ರಾತ್ರಿ ನಿದ್ದೆ ಬರುವುದಿಲ್ಲ. ಚುಕ್ಕೆಯಲ್ಲಿ ಜೀವಂತ ಕ್ಯಾನ್ಸರ್ ಇದ್ದರೆ ದೊಡ್ಡ ಆಪರೇಷನ್ ಆಗಬೇಕು. ಇಲ್ಲದಿದ್ದರೆ ಆ ಆಪರೇಷನ್ ಬೇಕಾಗಿಯೇ ಇಲ್ಲ. ಗಡ್ಡೆ ಎಷ್ಟು ಕುಗ್ಗಿತು ಅಂತ ಅಳೆಯುವುದು ಸ್ಕ್ಯಾನ್‌ಗೆ ಹಳೆಯ ಕೆಲಸ, ಅದನ್ನು ಚೆನ್ನಾಗಿಯೇ ಮಾಡುತ್ತದೆ. ಈಗ ಅದಕ್ಕೆ ಕೇಳುತ್ತಿರುವ ಪ್ರಶ್ನೆ ಬೇರೆ: ಉಳಿದಿರುವುದು ಮಾಯ್ದ ಗಾಯದ ಕಲೆಯೋ, ಬೂದಿ ಮುಚ್ಚಿದ ಕೆಂಡವೋ? ಹತ್ತಿಪ್ಪತ್ತು ವರ್ಷಗಳಿಂದ ಬರುತ್ತಿರುವ ಹೊಸ ಹೊಸ ತಂತ್ರಗಳೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಸುತ್ತುತ್ತಿವೆ.

ಮುಂಚೆ ಈ ಪ್ರಶ್ನೆಗೆ ಇಷ್ಟು ತೂಕ ಇರಲಿಲ್ಲ

ದೊಡ್ಡ ಕರುಳಿನ ಕೊನೆಯ ಸುಮಾರು 15 ಸೆಂಟಿಮೀಟರ್ ಭಾಗವೇ ಗುದನಾಳ. ಸೊಂಟದ ಎಲುಬಿನ ಗೂಡಿನೊಳಗೆ ಇಕ್ಕಟ್ಟಾದ ಜಾಗ. ಮೂತ್ರಕೋಶ, ಜನನಾಂಗದ ನರಗಳು, ಮಲ ಹಿಡಿದಿಡುವ ಸ್ನಾಯು ಎಲ್ಲವೂ ಅದಕ್ಕೆ ಒತ್ತಿಕೊಂಡೇ ಇವೆ. ಹಾಗಾಗಿ ಇಲ್ಲಿನ ಆಪರೇಷನ್ ಸುಲಭದ್ದಲ್ಲ. ಗಡ್ಡೆ ತೀರಾ ಕೆಳಗಿದ್ದರೆ ಗುದದ್ವಾರವನ್ನೇ ತೆಗೆದು ಹೊಟ್ಟೆಯ ಮೇಲೆ ಶಾಶ್ವತವಾಗಿ ಚೀಲ ಹಾಕಬೇಕಾಗುತ್ತದೆ. ಚೀಲ ತಪ್ಪಿದರೂ ಎಷ್ಟೋ ಜನರಿಗೆ ದಿನಕ್ಕೆ ಹತ್ತಾರು ಸಲ ಶೌಚಕ್ಕೆ ಓಡುವ ಪಾಡು, ತಡೆದುಕೊಳ್ಳಲು ಆಗದ ಅವಸರ, ಲೈಂಗಿಕ ತೊಂದರೆ ಉಳಿದುಬಿಡುತ್ತವೆ.

ಆದರೂ ಬಹಳ ಕಾಲ ದಾರಿ ಒಂದೇ ಇತ್ತು. ಗಡ್ಡೆ ಗೋಡೆಯನ್ನು ದಾಟಿ ಬೆಳೆದಿದ್ದರೆ ಮೊದಲು ರೇಡಿಯೇಷನ್ ಮತ್ತು ಕೀಮೋ, ಆಮೇಲೆ ಆಪರೇಷನ್. ಈ ಕ್ರಮವೇ ಒಳ್ಳೆಯದು ಅಂತ ಗಟ್ಟಿಯಾಗಿ ತೋರಿಸಿದ್ದು 2004ರಲ್ಲಿ ಪ್ರಕಟವಾದ ಜರ್ಮನಿಯ ಪ್ರಯೋಗ. ರೇಡಿಯೇಷನ್ ಆಪರೇಷನ್‌ಗೆ ಮುಂಚೆ ಕೊಟ್ಟಾಗ ಅದೇ ಜಾಗದಲ್ಲಿ ಕ್ಯಾನ್ಸರ್ ಮರಳಿದ್ದು 6%, ಆಮೇಲೆ ಕೊಟ್ಟಾಗ 13%. ಇಲ್ಲಿ ಸ್ಕ್ಯಾನ್‌ನ ಕೆಲಸ ಸೀಮಿತ. ಚಾಕು ಎಲ್ಲಿ ಹಾಯಬೇಕು ಅಂತ ಸರ್ಜನ್‌ಗೆ ಹೇಳಿದರೆ ಸಾಕಿತ್ತು. ಕ್ಯಾನ್ಸರ್ ಪೂರ್ತಿ ಹೋಯಿತೋ ಇಲ್ಲವೋ ಅನ್ನುವುದನ್ನು ಕತ್ತರಿಸಿ ತೆಗೆದ ತುಂಡನ್ನು ಮೈಕ್ರೋಸ್ಕೋಪ್ ಕೆಳಗಿಟ್ಟು ಪ್ಯಾಥಾಲಜಿಸ್ಟ್ ಹೇಳುತ್ತಿದ್ದರು. ಕೆಲವು ತುಂಡುಗಳಲ್ಲಿ ಒಂದು ಕ್ಯಾನ್ಸರ್ ಕೋಶವೂ ಸಿಗುತ್ತಿರಲಿಲ್ಲ. ಅಂದರೆ ಆಪರೇಷನ್ ಬೇಕಾಗಿರಲಿಲ್ಲ ಅನ್ನುವುದು ಆಪರೇಷನ್ ಆದ ಮೇಲೆ ಗೊತ್ತಾಗುತ್ತಿತ್ತು!

ಇದನ್ನು ತಿರುಗಿಸಿ ಕೇಳಿದವರು ಬ್ರೆಜಿಲ್‌ನ ಸಾವೊ ಪಾಲೊದ ಸರ್ಜನ್ ಏಂಜೆಲಿಟಾ ಹಬ್ರ್-ಗಾಮಾ. ಗಡ್ಡೆ ಪೂರ್ತಿ ಮಾಯವಾದಂತೆ ಕಂಡವರಿಗೆ ಕತ್ತಿ ಹಾಕದೆ ಕಾದು ನೋಡಿದರೆ ಹೇಗೆ? 2004ರಲ್ಲಿ ಅವರ ತಂಡ 265 ರೋಗಿಗಳ ಲೆಕ್ಕ ಮುಂದಿಟ್ಟಿತು. ಅದರಲ್ಲಿ 71 ಜನರನ್ನು, ಅಂದರೆ ನಾಲ್ವರಲ್ಲಿ ಒಬ್ಬರಿಗಿಂತ ಸ್ವಲ್ಪ ಜಾಸ್ತಿ ಜನರನ್ನು, ಆಪರೇಷನ್ ಇಲ್ಲದೆ ಬರೀ ನಿಗಾದಲ್ಲಿ ಇಟ್ಟಿದ್ದರು. ಆಗ ಇದನ್ನು ದುಸ್ಸಾಹಸ ಅಂದವರೇ ಹೆಚ್ಚು. ಈಗ 'ಕಾದು ನೋಡುವುದು' ದೊಡ್ಡ ಕ್ಯಾನ್ಸರ್ ಕೇಂದ್ರಗಳಲ್ಲಿ ಒಪ್ಪಿತ ದಾರಿ.

ಅಷ್ಟರಲ್ಲಿ ಔಷಧಿಯ ಕಡೆಯಿಂದಲೂ ಒತ್ತಡ ಬಂತು. ಕೀಮೋವನ್ನೂ ಆಪರೇಷನ್‌ಗೆ ಮುಂಚೆಯೇ ಪೂರ್ತಿ ಕೊಟ್ಟು ಮುಗಿಸುವ ಪದ್ಧತಿ ಶುರುವಾಯಿತು. 2021ರಲ್ಲಿ ಪ್ರಕಟವಾದ ರಾಪಿಡೊ ಪ್ರಯೋಗದಲ್ಲಿ ಹಳೆಯ ಕ್ರಮದಲ್ಲಿ 14% ಜನರ ಗಡ್ಡೆ ಪೂರ್ತಿ ಹೋಗಿದ್ದರೆ, ಹೊಸ ಕ್ರಮದಲ್ಲಿ 28%. ಅಮೆರಿಕದ ಓಪ್ರಾ ಪ್ರಯೋಗದಲ್ಲಿ ಮೊದಲು ರೇಡಿಯೇಷನ್, ಆಮೇಲೆ ಕೀಮೋ ಪಡೆದವರ ಪೈಕಿ ಅರ್ಧದಷ್ಟು ಜನ ಮೂರು ವರ್ಷದ ನಂತರವೂ ತಮ್ಮ ಗುದನಾಳವನ್ನು ಉಳಿಸಿಕೊಂಡಿದ್ದರು. ಇನ್ನು ಡಿಎನ್ಎ ರಿಪೇರಿ ವ್ಯವಸ್ಥೆ ಕೆಟ್ಟಿರುವ ಬಗೆಯ ಗಡ್ಡೆಗಳ ಕಥೆಯೇ ಬೇರೆ. ಗುದನಾಳದ ಕ್ಯಾನ್ಸರ್‌ಗಳಲ್ಲಿ ಇವು ನೂರಕ್ಕೆ ಐದರಿಂದ ಹತ್ತು. 2022ರಲ್ಲಿ ಡೋಸ್ಟಾರ್ಲಿಮ್ಯಾಬ್ ಎಂಬ ಇಮ್ಯೂನ್ ಔಷಧಿ ಪಡೆದ ಅಂಥ ಮೊದಲ 12 ರೋಗಿಗಳಲ್ಲಿ ಹನ್ನೆರಡೂ ಜನರ ಗಡ್ಡೆ ಕಣ್ಣಿಗೆ ಕಾಣದಂತಾಯಿತು.

ಗಡ್ಡೆ ಕಾಣದಂತಾಗುವವರ ಸಂಖ್ಯೆ ಹೆಚ್ಚಿದಷ್ಟೂ ಮೈಕ್ರೋಸ್ಕೋಪ್ ಕೆಳಗೆ ಇಡಲು ತುಂಡು ಇಲ್ಲದವರ ಸಂಖ್ಯೆಯೂ ಹೆಚ್ಚಿತು. ಪ್ಯಾಥಾಲಜಿಸ್ಟ್ ಹೇಳುತ್ತಿದ್ದ ಮಾತನ್ನು ಈಗ ಸ್ಕ್ಯಾನ್ ಹೇಳಬೇಕು. ಸುಮ್ನೆ ಬಂದ ಜವಾಬ್ದಾರಿ ಅಲ್ಲ ಇದು.

ಗಡ್ಡೆ ಮೇಣದ ಉಂಡೆಯಂತೆ ಕರಗುವುದಿಲ್ಲ

ಚಿಕಿತ್ಸೆಗೆ ಗಡ್ಡೆ ಕರಗುತ್ತದೆ ಅನ್ನುತ್ತೇವೆ. ಆ ಮಾತು ಕೇಳಿದರೆ ಸುತ್ತಲಿಂದ ಒಂದೇ ಸಮನೆ ಸಣ್ಣದಾಗುವ ಉಂಡೆ ಕಣ್ಣ ಮುಂದೆ ಬರುತ್ತದೆ. ಒಳಗೆ ನಡೆಯುವುದು ಹಾಗಲ್ಲ. ರೇಡಿಯೇಷನ್ ಬಿದ್ದ ಮೇಲೆ ಕ್ಯಾನ್ಸರ್ ಕೋಶಗಳು ಅಲ್ಲಲ್ಲಿ ಸಾಯುತ್ತವೆ. ಸತ್ತ ಜಾಗವನ್ನು ನಾರಿನಂಥ ಗಟ್ಟಿ ಅಂಗಾಂಶ ತುಂಬಿಕೊಳ್ಳುತ್ತದೆ. ಬದುಕಿದ ಕೋಶಗಳು ಆ ನಾರಿನ ನಡುವೆ ಸಣ್ಣ ಸಣ್ಣ ಗುಂಪುಗಳಾಗಿ ಚದುರಿ ಕೂತಿರಬಹುದು. ಮೇಲಿನ ಒಳಪೊರೆ ಚೆಂದವಾಗಿ ಮಾಯ್ದು ನುಣುಪಾಗಿರುತ್ತದೆ, ಕೆಳಗಿನ ಸ್ನಾಯು ಪದರದಲ್ಲಿ ಕೆಂಡ ಇರುತ್ತದೆ.

ಅದಕ್ಕೇ ಸೂಜಿ ಚುಚ್ಚಿ, ಚೂರು ಕಿತ್ತು ಬಯಾಪ್ಸಿ ಮಾಡಿದರೆ ಆಗದೇ ಅನ್ನುವ ಸಹಜ ಪ್ರಶ್ನೆಗೆ ಉತ್ತರ ನಿರಾಶೆಯದ್ದು. ಮೇಲಿನ ಪೊರೆಯಿಂದ ಕಿತ್ತ ಚೂರಿನಲ್ಲಿ ಕ್ಯಾನ್ಸರ್ ಸಿಕ್ಕರೆ ಇದೆ ಅಂತ ಖಚಿತ. ಸಿಗದಿದ್ದರೆ ಏನೂ ಖಚಿತವಿಲ್ಲ.

ಇನ್ನೂ ಒಂದು ಗೋಜಲು ಇದೆ. ಕೆಲವು ಗಡ್ಡೆಗಳು ಲೋಳೆ ಸುರಿಸುವ ಬಗೆಯವು. ಕೋಶಗಳೆಲ್ಲ ಸತ್ತ ಮೇಲೂ ಲೋಳೆಯ ಕೆರೆಗಳು ಹಾಗೇ ಉಳಿದುಬಿಡುತ್ತವೆ. ಎಂಆರ್‌ಐಯಲ್ಲಿ ಅವು ಫಳಫಳ ಹೊಳೆಯುತ್ತವೆ. ಒಳಗೆ ಜೀವಂತ ಕೋಶ ತೇಲುತ್ತಿದೆಯೋ ಬರೀ ಲೋಳೆಯೋ, ಚಿತ್ರ ನೋಡಿ ಹೇಳುವುದು ಕಷ್ಟ.

ಮಾಮೂಲಿ ಎಂಆರ್‌ಐ ಈ ಕಲೆಯನ್ನು ಹೇಗೆ ಓದುತ್ತದೆ? ಟಿ2 ಅನ್ನುವ ಚಿತ್ರದಲ್ಲಿ ಗಡ್ಡೆ ಬೂದು, ಕಲೆ ಕಡುಕಪ್ಪು. ಎಷ್ಟು ಬೂದು ಉಳಿದಿದೆ, ಎಷ್ಟು ಕಪ್ಪಾಗಿದೆ ಅಂತ ನೋಡಿ 1ರಿಂದ 5ರವರೆಗೆ ದರ್ಜೆ ಕೊಡುತ್ತಾರೆ. 1 ಅಂದರೆ ತೆಳ್ಳಗಿನ ಕಲೆ ಮಾತ್ರ, 5 ಅಂದರೆ ಚಿಕಿತ್ಸೆಗೆ ಜಗ್ಗಲೇ ಇಲ್ಲ. ತೊಂದರೆ ಇರುವುದು ನಡುವಿನ ದರ್ಜೆಗಳಲ್ಲಿ. ಅದೇ ಚಿತ್ರಕ್ಕೆ ಒಬ್ಬ ರೇಡಿಯಾಲಜಿಸ್ಟ್ 2 ಕೊಟ್ಟರೆ ಇನ್ನೊಬ್ಬರು 3 ಕೊಡುವುದು ಮಾಮೂಲು. ಲಿಸ್ಬನ್‌ನ ತಂಡವೊಂದು ಇದಕ್ಕೊಂದು ಸೂಕ್ಷ್ಮ ಗುರುತು ಹೇಳಿತು. ಚೆನ್ನಾಗಿ ಮಾಯ್ದ ಕಲೆ ಎರಡು ಕಪ್ಪು ಎಳೆಗಳಾಗಿ ಸೀಳಿ, ನಡುವೆ ಸ್ವಲ್ಪ ತಿಳಿಬಣ್ಣದ ಎಳೆ ಉಳಿಯುತ್ತದಂತೆ. ಅಂದರೆ ಗೋಡೆಯ ಪದರಗಳು ಮತ್ತೆ ಬೇರೆ ಬೇರೆಯಾಗಿ ಕಾಣುತ್ತವೆ. ಈ 'ಸೀಳಿದ ಕಲೆ' ಕಂಡರೆ ಕ್ಯಾನ್ಸರ್ ಉಳಿದಿರುವ ಸಾಧ್ಯತೆ ತೀರಾ ಕಡಿಮೆ. ಕಾಣದಿದ್ದರೆ ಮಾತ್ರ ಅದರಿಂದ ಹೆಚ್ಚೇನೂ ತಿಳಿಯದು. ಹೊಸ ಯಂತ್ರ ಬೇಡ, ಹೊಸ ಕಣ್ಣು ಸಾಕು. ಇಂಥವು ನನಗೆ ಯಾವಾಗಲೂ ಇಷ್ಟ.

ನೀರು ಓಡಾಡುವುದನ್ನು ನೋಡುವ ಚಿತ್ರ

ಆಕಾರವನ್ನು ಬಿಟ್ಟು ನಡವಳಿಕೆಯನ್ನು ನೋಡುವುದು ಎರಡನೇ ಹೆಜ್ಜೆ. ಅದರಲ್ಲಿ ಈಗಾಗಲೇ ದಿನನಿತ್ಯದ ಬಳಕೆಗೆ ಬಂದಿರುವುದು ಡಿಫ್ಯೂಷನ್ ಎಂಆರ್‌ಐ. ಮೊದಲು ಹೇಳಿದ ಬಿಳಿ ಚುಕ್ಕೆ ಕಂಡದ್ದು ಇದರಲ್ಲೇ.

ಮೈಯೊಳಗಿನ ನೀರಿನ ಅಣುಗಳು ಸದಾ ಅತ್ತಿತ್ತ ಅಲೆಯುತ್ತಿರುತ್ತವೆ. ಖಾಲಿ ಮೈದಾನದಲ್ಲಿ ಆರಾಮಾಗಿ ಓಡಾಡಬಹುದು, ಜಾತ್ರೆಯ ನೂಕುನುಗ್ಗಲಿನಲ್ಲಿ ಆಗದು, ಅಲ್ವಾ? ಜೀವಂತ ಕ್ಯಾನ್ಸರ್‌ನಲ್ಲಿ ಕೋಶಗಳು ಒತ್ತೊತ್ತಾಗಿ ತುಂಬಿರುತ್ತವೆ. ಹಾಗಾಗಿ ಅಲ್ಲಿನ ನೀರಿಗೆ ಅಲೆಯಲು ಜಾಗವಿಲ್ಲ. ಯಂತ್ರ ಈ ಚಲನೆಗೆ ತಕ್ಕಂತೆ ಸಿಗ್ನಲ್ ಹಿಡಿಯುತ್ತದೆ. ನೀರು ಸಿಕ್ಕಿಹಾಕಿಕೊಂಡ ಜಾಗ ಬೆಳ್ಳಗೆ ಹೊಳೆಯುತ್ತದೆ, ಸಲೀಸಾಗಿ ಅಲೆದಾಡುವ ಜಾಗ ಮಂಕಾಗುತ್ತದೆ. ಚಲನೆಗೆ ಯಂತ್ರ ಎಷ್ಟು ಸೂಕ್ಷ್ಮವಾಗಿರಬೇಕು ಅನ್ನುವುದನ್ನು 'ಬಿ ಮೌಲ್ಯ' ಅಂತ ಕರೆಯುತ್ತಾರೆ. ಗುದನಾಳಕ್ಕೆ 800 ಅಥವಾ ಅದಕ್ಕಿಂತ ಹೆಚ್ಚು ಇರಬೇಕು ಅನ್ನುವುದು ಯುರೋಪಿನ ತಜ್ಞರ ಒಮ್ಮತ.

ಕೇಳಲು ಇಷ್ಟು ಸಲೀಸು. ಓದುವಾಗ ಜಾರುವ ಜಾಗಗಳು ಬೇಕಾದಷ್ಟಿವೆ. ಈ ತಂತ್ರದಲ್ಲಿ ಎರಡು ಚಿತ್ರಗಳು ಬರುತ್ತವೆ. ಒಂದು ಮೇಲೆ ಹೇಳಿದ ಹೊಳೆಯುವ ಚಿತ್ರ. ಇನ್ನೊಂದು ಎಡಿಸಿ ನಕ್ಷೆ, ಅಂದರೆ ನೀರಿನ ಚಲನೆಯನ್ನೇ ಲೆಕ್ಕ ಹಾಕಿ ಬರೆದ ನಕ್ಷೆ. ಜೀವಂತ ಗಡ್ಡೆ ಮೊದಲನೆಯದರಲ್ಲಿ ಬಿಳಿ, ಎರಡನೆಯದರಲ್ಲಿ ಕಪ್ಪು. ಈಗ ಗಾಯದ ಕಲೆಯನ್ನು ನೋಡಿ. ನಾರಿನಲ್ಲಿ ನೀರೇ ಕಡಿಮೆ. ಹಾಗಾಗಿ ಅದು ಎರಡರಲ್ಲೂ ಕಪ್ಪು. ಬರೀ ಎಡಿಸಿ ನಕ್ಷೆ ನೋಡಿದ ಹೊಸಬರು 'ಕಪ್ಪಿದೆ, ಕ್ಯಾನ್ಸರ್ ಇದೆ' ಅಂದುಬಿಡುತ್ತಾರೆ. ಇದಕ್ಕೆ ತದ್ವಿರುದ್ಧ, ನಾಳದೊಳಗೆ ನಿಂತ ದ್ರವ ಎರಡರಲ್ಲೂ ಬಿಳಿ. ಬರೀ ಮೊದಲ ಚಿತ್ರ ನೋಡಿದವರು ಇದನ್ನೂ ಕ್ಯಾನ್ಸರ್ ಅಂದುಕೊಳ್ಳಬಹುದು. ಒಂದರಲ್ಲಿ ಬಿಳಿ, ಇನ್ನೊಂದರಲ್ಲಿ ಕಪ್ಪು, ಅದೂ ಗಡ್ಡೆ ಮೊದಲಿದ್ದ ಜಾಗದಲ್ಲೇ. ಈ ಮೂರೂ ಕೂಡಿದಾಗ ಮಾತ್ರ ಅನುಮಾನಕ್ಕೆ ಬೆಲೆ.

ಇನ್ನೊಂದು ಕಾಟ ಗ್ಯಾಸ್‌ನದು. ಗುದನಾಳದಲ್ಲಿ ಗಾಳಿ ಇರುವುದು ತೀರಾ ಸಹಜ. ಗಾಳಿ ಮತ್ತು ಗೋಡೆ ಸೇರುವ ಕಡೆ ಅಯಸ್ಕಾಂತ ಕ್ಷೇತ್ರ ಸೊಟ್ಟಗಾಗುತ್ತದೆ. ಆಗ ಇಲ್ಲದ ಬಿಳಿ ಚುಕ್ಕೆಗಳು ಹುಟ್ಟಿಕೊಳ್ಳುತ್ತವೆ, ಇರುವ ಚುಕ್ಕೆಗಳು ಜಾಗ ಬದಲಿಸಿ ಕಾಣುತ್ತವೆ. ಲಕ್ಷಾಂತರ ಡಾಲರ್‌ನ ಯಂತ್ರವನ್ನು ಒಂದು ಗಾಳಿ ಗುಳ್ಳೆ ಏಮಾರಿಸುತ್ತದೆ! ಸ್ಕ್ಯಾನ್‌ಗೆ ಸ್ವಲ್ಪ ಮುಂಚೆ ಚಿಕ್ಕ ಎನಿಮಾ ಕೊಟ್ಟರೆ ಈ ಕಾಟ ಬಹಳ ಮಟ್ಟಿಗೆ ತಪ್ಪುತ್ತದೆ ಅಂತ ಅಧ್ಯಯನಗಳು ತೋರಿಸಿವೆ. ಹೊಸ ತಂತ್ರ ಅಂದ ತಕ್ಷಣ ನಾವು ಯಂತ್ರದ ಬಗ್ಗೆ ಯೋಚಿಸುತ್ತೇವೆ. ಎಷ್ಟೋ ಸಲ ಚಿತ್ರವನ್ನು ಉಳಿಸುವುದು ಇಂಥ ಸಣ್ಣ ತಯಾರಿ. ಕೋನವೂ ಅಷ್ಟೇ ಮುಖ್ಯ. ಗಡ್ಡೆಗೆ ಸರಿಯಾಗಿ ಅಡ್ಡಲಾಗಿ, 3 ಮಿಲಿಮೀಟರ್‌ಗಿಂತ ದಪ್ಪ ಇಲ್ಲದ ಹೋಳುಗಳಲ್ಲಿ ಚಿತ್ರ ತೆಗೆಯಬೇಕು. ಎರಡನೇ ಸಲ ಗಡ್ಡೆಯೇ ಕಾಣದಿರುವಾಗ ಕೋನ ಎಲ್ಲಿಂದ ಹಿಡಿಯುವುದು? ಮೊದಲ ಸ್ಕ್ಯಾನ್‌ನಿಂದ. ಆ ಮೊದಲ ಸ್ಕ್ಯಾನ್ ಕಳಪೆಯಾಗಿದ್ದರೆ ಎರಡನೆಯದು ಎಷ್ಟೇ ಒಳ್ಳೆಯದಿದ್ದರೂ ಅರ್ಧ ಕುರುಡು.

ಪೆಟ್ ಸ್ಕ್ಯಾನ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಅದು ಕೋಶಗಳು ಸಕ್ಕರೆ ನುಂಗುವುದನ್ನು ನೋಡುತ್ತದೆ. ಕ್ಯಾನ್ಸರ್ ಕೋಶ ಜಾಸ್ತಿ ನುಂಗುತ್ತದೆ, ನಿಜ. ಆದರೆ ರೇಡಿಯೇಷನ್‌ನಿಂದ ಉರಿಯೂತ ಬಂದ ಕರುಳೂ ನುಂಗುತ್ತದೆ. ಹಾಗಾಗಿ ದೂರದ ಅಂಗಗಳಿಗೆ ಹರಡಿದೆಯೇ ಅಂತ ನೋಡಲು ಅದು ಒಳ್ಳೆಯದು, ಗೋಡೆಯಲ್ಲಿ ಉಳಿದ ನಾಲ್ಕು ಮಿಲಿಮೀಟರ್ ಹುಡುಕಲು ಅಷ್ಟಕ್ಕಷ್ಟೇ. ಇತ್ತೀಚೆಗೆ ಫ್ಯಾಪಿ ಎಂಬ ಬೇರೆ ಗುರುತುದ್ರವ್ಯ ಸುದ್ದಿಯಲ್ಲಿದೆ. ಅದು ಸಕ್ಕರೆಯನ್ನು ಬಿಟ್ಟು, ಗಡ್ಡೆಯ ಸುತ್ತ ನಾರು ಹೆಣೆಯುವ ಕೋಶಗಳಿಗೆ ಅಂಟಿಕೊಳ್ಳುತ್ತದೆ. ಹೊಸದಾಗಿ ಕ್ಯಾನ್ಸರ್ ಪತ್ತೆ ಹಚ್ಚುವಾಗ ಚೊಕ್ಕ ಚಿತ್ರ ಬರುತ್ತದೆ. ಆದರೆ ನಮ್ಮ ಪ್ರಶ್ನೆಯಲ್ಲಿ ಒಂದು ತಮಾಷೆ ಇದೆ: ಗಾಯ ಮಾಯುವಾಗಲೂ ಅದೇ ಕೋಶಗಳು ನಾರು ಹೆಣೆಯುತ್ತವೆ. ಕಲೆ ಮತ್ತು ಕೆಂಡ ಬೇರೆ ಮಾಡಬೇಕಾದ ಕಡೆ, ಕಲೆಗೂ ಅಂಟುವ ಗುರುತು ಎಷ್ಟು ದೂರ ಕರೆದೊಯ್ದೀತು?

ಬೆಳಕು ಬಿಟ್ಟು ಸದ್ದು ಕೇಳುವುದು

ಹೊಸ ತಂತ್ರಗಳಲ್ಲಿ ನನ್ನ ಕುತೂಹಲ ಅತಿ ಹೆಚ್ಚು ಕೆರಳಿಸಿದ್ದು ಫೋಟೋಅಕೌಸ್ಟಿಕ್ ಚಿತ್ರಣ. ಇದರ ಬೇರು 1880ರಷ್ಟು ಹಳೆಯದು. ಟೆಲಿಫೋನ್ ಖ್ಯಾತಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್, ಬೆಳಕನ್ನು ಬಿಟ್ಟುಬಿಟ್ಟು ಹಾಯಿಸಿದರೆ ವಸ್ತುಗಳು ಸದ್ದು ಮಾಡುತ್ತವೆ ಅಂತ ಆಗಲೇ ಕಂಡಿದ್ದರು. ಬೆಳಕು ಬಿದ್ದಾಗ ವಸ್ತು ಎಳ್ಳಷ್ಟು ಬಿಸಿಯಾಗಿ ಹಿಗ್ಗುತ್ತದೆ, ನಿಂತಾಗ ಕುಗ್ಗುತ್ತದೆ. ಆ ಹಿಗ್ಗು-ಕುಗ್ಗೇ ಸದ್ದು.

ಈಗ ಅದನ್ನೇ ಗುದನಾಳದೊಳಗೆ ಮಾಡುತ್ತಾರೆ. ಬೆರಳಿನಂಥ ಸಪೂರ ಪ್ರೋಬ್ ಒಳಗೆ ಹೋಗುತ್ತದೆ. ತುದಿಯಲ್ಲಿ ಲೇಸರ್ ಬೆಳಕು ಹೊರಬರುವ ಕಿಂಡಿ, ಪಕ್ಕದಲ್ಲೇ ಅಲ್ಟ್ರಾಸೌಂಡ್ ಹಿಡಿಯುವ ಸಂವೇದಕ. ತುದಿ ತಿರುಗುತ್ತಾ ಹೋದಂತೆ ಗೋಡೆಯ ಸುತ್ತಲೂ ಲೇಸರ್ ಮಿಡಿತಗಳು ಬೀಳುತ್ತವೆ. ಒಂದೊಂದು ಮಿಡಿತವೂ ಸೆಕೆಂಡಿನ ಶತಕೋಟಿ ಭಾಗಗಳ ಲೆಕ್ಕದಲ್ಲಿ ಮುಗಿಯುವಂಥದ್ದು. ರಕ್ತದ ಹೀಮೋಗ್ಲೋಬಿನ್ ಆ ಬೆಳಕನ್ನು ಚೆನ್ನಾಗಿ ಹೀರುತ್ತದೆ. ಹೀರಿದ ಕ್ಷಣ ಹಿಗ್ಗಿ ಸದ್ದಿನ ಅಲೆ ಹೊರಡಿಸುತ್ತದೆ. ಎಲ್ಲಿ ರಕ್ತನಾಳ ಇದೆಯೋ ಅಲ್ಲಿಂದ ಸದ್ದು. ಚುಚ್ಚುಮದ್ದು ಬೇಡ, ಬಣ್ಣ ಬೇಡ, ರೇಡಿಯೇಷನ್ ಅಂತೂ ಇಲ್ಲವೇ ಇಲ್ಲ. ಅದೇ ಪ್ರೋಬ್ ಮಾಮೂಲಿ ಅಲ್ಟ್ರಾಸೌಂಡ್ ಚಿತ್ರವನ್ನೂ ತೆಗೆಯುತ್ತದೆ. ಗೋಡೆಯ ಪದರಗಳು ಒಂದರಲ್ಲಿ, ರಕ್ತನಾಳಗಳು ಇನ್ನೊಂದರಲ್ಲಿ. ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡುತ್ತಾರೆ.

ರಕ್ತನಾಳ ನೋಡಿ ಏನು ಪ್ರಯೋಜನ? ಆರೋಗ್ಯವಂತ ಗುದನಾಳದಲ್ಲಿ ಒಳಪೊರೆಯ ಕೆಳಗೆ ಒಂದು ಪದರದುದ್ದಕ್ಕೂ ರಕ್ತನಾಳಗಳು ಸಾಲಾಗಿ ಹರಡಿರುತ್ತವೆ. ಚಿತ್ರದಲ್ಲಿ ಅದು ಮುರಿಯದ ಹೊಳೆಯುವ ಎಳೆಯಂತೆ ಕಾಣುತ್ತದೆ. ಗಡ್ಡೆ ಬೆಳೆದ ಜಾಗದಲ್ಲಿ ಆ ಎಳೆ ಚಿಂದಿಯಾಗಿರುತ್ತದೆ. ಚಿಕಿತ್ಸೆ ಪೂರ್ತಿ ಫಲಿಸಿದರೆ ಎಳೆ ಮತ್ತೆ ಮೂಡುತ್ತದೆ. ಕ್ಯಾನ್ಸರ್ ಉಳಿದಿದ್ದರೆ ಆ ಕಡೆ ಬರೀ ಕತ್ತಲೆ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ ಇದನ್ನು ರೋಗಿಗಳಲ್ಲೇ ತೋರಿಸಿತು. 2021ರಲ್ಲಿ ಇದಕ್ಕೆ ಡೀಪ್ ಲರ್ನಿಂಗ್ ಜೋಡಿಸಿ, ಎಳೆ ಮೂಡಿದೆಯೋ ಇಲ್ಲವೋ ಅಂತ ಕಂಪ್ಯೂಟರ್ ಗುರುತಿಸುವಂತೆ ಮಾಡಿದರು. ಬರೀ ಅಲ್ಟ್ರಾಸೌಂಡ್ ಕಲಿತ ಕಂಪ್ಯೂಟರ್‌ಗಿಂತ ರಕ್ತನಾಳ ನೋಡಲು ಕಲಿತದ್ದು ಬಹಳ ಮುಂದಿತ್ತು.

ಈ ಯೋಚನೆ ನನಗೆ ಹಿಡಿಸಲು ಕಾರಣ ಇದೆ. ಉಳಿದ ತಂತ್ರಗಳು ಕೆಂಡವನ್ನು ಹುಡುಕುತ್ತವೆ. ಕೆಂಡ ತೀರಾ ಚಿಕ್ಕದಿದ್ದರೆ ತಪ್ಪಿಸಿಕೊಳ್ಳುತ್ತದೆ. ಇದು ಹುಡುಕುವುದು ಆರೋಗ್ಯದ ಗುರುತನ್ನು. ಹೊಸ ಚಿಗುರು ಬಂದಿದೆಯೇ ಅಂತ ನೋಡಿದ ಹಾಗೆ. 'ಏನೂ ಕಾಣಲಿಲ್ಲ' ಅನ್ನುವ ಉತ್ತರಕ್ಕಿಂತ 'ಹೊಸ ಎಳೆ ಕಂಡಿತು' ಅನ್ನುವ ಉತ್ತರ ಗಟ್ಟಿ.

ಹಾಗಂತ ಕುಣಿಯಬೇಕಿಲ್ಲ. ಇದುವರೆಗೆ ಪರೀಕ್ಷಿಸಿದ ರೋಗಿಗಳ ಸಂಖ್ಯೆ ಕಡಿಮೆ. ಬೆಳಕು ಅಂಗಾಂಶದೊಳಗೆ ಹೆಚ್ಚು ಆಳಕ್ಕೆ ಇಳಿಯುವುದಿಲ್ಲ. ಗೋಡೆ ಕಾಣುತ್ತದೆ, ಅದರಾಚೆಯ ಕೊಬ್ಬಿನಲ್ಲಿರುವ ದುಗ್ಧಗ್ರಂಥಿಗಳು ಕಾಣುವುದಿಲ್ಲ. ಅವಕ್ಕೆ ಎಂಆರ್‌ಐಯೇ ಬೇಕು. ಅಲ್ಲೂ ಎಂಆರ್‌ಐ ನೋಡುವುದು ಬಹುತೇಕ ಗಾತ್ರವನ್ನೇ: ಚಿಕಿತ್ಸೆಯ ನಂತರ 5 ಮಿಲಿಮೀಟರ್‌ಗಿಂತ ಚಿಕ್ಕದಾದರೆ ಸಾಮಾನ್ಯವಾಗಿ ನಿರಪಾಯ ಅಂತ ತೆಗೆದುಕೊಳ್ಳುತ್ತಾರೆ.

ಕಂಪ್ಯೂಟರ್ ಅಂದ ಮೇಲೆ ಒಂದು ಅಡ್ಡಮಾತು. ಎಂಆರ್‌ಐ ಚಿತ್ರದಿಂದ ಕಣ್ಣಿಗೆ ಕಾಣದ ನೂರಾರು ಅಂಕಿಗಳನ್ನು ತೆಗೆದು, ಅದರಿಂದ ಫಲಿತಾಂಶ ಹೇಳುವ ರೇಡಿಯೋಮಿಕ್ಸ್ ಬಗ್ಗೆ ಪ್ರಬಂಧಗಳ ಮಳೆಯೇ ಸುರಿದಿದೆ. ಎಲ್ಲದರಲ್ಲೂ ಚೆಂದದ ಅಂಕಿಗಳು. ಆಸ್ಪತ್ರೆಯ ಮಾಮೂಲಿ ಕೆಲಸದಲ್ಲಿ ಬಳಕೆ ಮಾತ್ರ ತೀರಾ ಕಡಿಮೆ. ಏಕೆಂದರೆ ಯಂತ್ರದ ಕಂಪನಿ ಬದಲಾದರೆ, ಸೆಟ್ಟಿಂಗ್ ಸ್ವಲ್ಪ ಬದಲಾದರೆ ಆ ಅಂಕಿಗಳೂ ಬದಲಾಗುತ್ತವೆ. ಒಂದು ಕಡೆ ಕಲಿತ ಕಂಪ್ಯೂಟರ್ ಇನ್ನೊಂದು ಕಡೆ ಎಡವುತ್ತದೆ. ಬೇರೆ ಆಸ್ಪತ್ರೆಯ ಚಿತ್ರಗಳ ಮೇಲೆ ಪರೀಕ್ಷಿಸದ ಯಾವ ಮಾದರಿಯನ್ನೂ ನಾನಂತೂ ಸುದ್ದಿ ಅಂತ ಎಣಿಸುವುದಿಲ್ಲ.

ಅದೇ ಯಂತ್ರ, ಎರಡು ಉತ್ತರ

'ಈ ಸ್ಕ್ಯಾನ್ 80% ನಿಖರ' ಅನ್ನುವ ಮಾತು ಎಷ್ಟು ಮೋಸದ್ದು ಅಂತ ಒಂದು ಕಾಲ್ಪನಿಕ ಲೆಕ್ಕದಲ್ಲಿ ನೋಡೋಣ. ಉಳಿದ ಕ್ಯಾನ್ಸರ್ ಇರುವವರಲ್ಲಿ ನೂರಕ್ಕೆ 80 ಜನರನ್ನು ಹಿಡಿಯುವ, ಕ್ಯಾನ್ಸರ್ ಇಲ್ಲದವರಲ್ಲಿ ನೂರಕ್ಕೆ 90 ಜನರಿಗೆ ಸರಿಯಾಗಿ 'ಇಲ್ಲ' ಅನ್ನುವ ಸ್ಕ್ಯಾನ್ ಇದೆ ಅಂದುಕೊಳ್ಳಿ.

ಚಿಕಿತ್ಸೆ ಮುಗಿದ ನೂರು ಜನರನ್ನು ಹಾಗೇ ಸಾಲಾಗಿ ಸ್ಕ್ಯಾನ್ ಮಾಡೋಣ. ಅವರಲ್ಲಿ 20 ಜನರ ಕ್ಯಾನ್ಸರ್ ನಿಜಕ್ಕೂ ಹೋಗಿದೆ, 80 ಜನರದ್ದು ಉಳಿದಿದೆ. ಹೋದ 20ರಲ್ಲಿ 18 ಜನರಿಗೆ 'ಇಲ್ಲ' ಅನ್ನುವ ಉತ್ತರ ಬರುತ್ತದೆ. ಉಳಿದ 80ರಲ್ಲಿ 16 ಜನ ತಪ್ಪಿಸಿಕೊಂಡು ಅವರಿಗೂ 'ಇಲ್ಲ' ಅನ್ನುವ ಉತ್ತರವೇ ಬರುತ್ತದೆ. ಒಟ್ಟು 34 ಜನ ಸಮಾಧಾನದಿಂದ ಮನೆಗೆ ಹೋದರು. ಅವರಲ್ಲಿ 16 ಜನರ ಒಳಗೆ ಕ್ಯಾನ್ಸರ್ ಇದೆ. ಹೆಚ್ಚುಕಡಿಮೆ ಅರ್ಧ!

ಈಗ ಕ್ರಮ ಬದಲಿಸೋಣ. ಮೊದಲು ಬೆರಳು ಹಾಕಿ ಮುಟ್ಟಿ ನೋಡಿ, ಎಂಡೋಸ್ಕೋಪ್ ಹಾಕಿ ಕಣ್ಣಾರೆ ನೋಡಿ, ಎರಡರಲ್ಲೂ ಶುದ್ಧ ಅನ್ನಿಸಿದವರನ್ನು ಮಾತ್ರ ಸ್ಕ್ಯಾನ್‌ಗೆ ಕಳಿಸೋಣ. ಈ ಗುಂಪಿನ ನೂರರಲ್ಲಿ 80 ಜನರ ಕ್ಯಾನ್ಸರ್ ನಿಜಕ್ಕೂ ಹೋಗಿದೆ ಅಂದುಕೊಳ್ಳಿ. 'ಇಲ್ಲ' ಅನ್ನುವ ಸರಿಯುತ್ತರ 72 ಜನರಿಗೆ, ತಪ್ಪುತ್ತರ 4 ಜನರಿಗೆ. 76ರಲ್ಲಿ 4, ಅಂದರೆ ನೂರಕ್ಕೆ ಸುಮಾರು ಐದು. ಯಂತ್ರ ಅದೇ, ಓದಿದವರೂ ಅವರೇ. ಬದಲಾಗಿದ್ದು ಯಾರನ್ನು ಅದರ ಮುಂದೆ ಮಲಗಿಸಿದೆವು ಅನ್ನುವುದು. (ಮೂರೂ ಪರೀಕ್ಷೆಗಳು ಒಂದೇ ಕಾರಣಕ್ಕೆ ಏಮಾರಬಹುದು, ಹಾಗಾಗಿ ನಿಜದಲ್ಲಿ ಲೆಕ್ಕ ಇಷ್ಟು ನೇರ ಇರುವುದಿಲ್ಲ.)

ಇದು ಬರೀ ಕಾಗದದ ಆಟವಲ್ಲ. ನೆದರ್‌ಲ್ಯಾಂಡ್ಸ್‌ನ ಮಾಸ್ಟ್ರಿಕ್ಟ್ ತಂಡ 2015ರಲ್ಲಿ 50 ರೋಗಿಗಳಲ್ಲಿ ಇದನ್ನೇ ನೋಡಿತು. ಬೆರಳು, ಎಂಡೋಸ್ಕೋಪ್, ಡಿಫ್ಯೂಷನ್ ಸೇರಿದ ಎಂಆರ್‌ಐ ಮೂರೂ 'ಹೋಗಿದೆ' ಅಂದಾಗ ಆ ಮಾತು ನಿಜವಾಗುವ ಸಾಧ್ಯತೆ 98%. ಮೂರೂ 'ಉಳಿದಿದೆ' ಅಂದಾಗ? ಆಗಲೂ ಸುಮಾರು 15% ಸಲ ಮಾತು ತಪ್ಪಾಗಿತ್ತು, ನಿಜಕ್ಕೂ ಕ್ಯಾನ್ಸರ್ ಹೋಗಿತ್ತು. ನಮ್ಮ ಈಗಿನ ಸಾಧನಗಳು ಜಾಸ್ತಿ ತಪ್ಪುವುದು ಈ ಎರಡನೇ ಕಡೆ. ಮಾಯುತ್ತಿರುವ ಗಾಯವನ್ನು ಕ್ಯಾನ್ಸರ್ ಅಂದುಬಿಡುತ್ತವೆ.

ಈ ತಪ್ಪಿಗೆ ಅತಿ ಅಗ್ಗದ ಮದ್ದು ಸಮಯ. ರೇಡಿಯೇಷನ್ ನಿಂತ ದಿನ ಅದರ ಕೆಲಸ ನಿಲ್ಲುವುದಿಲ್ಲ. ತಿಂಗಳುಗಟ್ಟಲೆ ಕೋಶಗಳು ಸಾಯುತ್ತಲೇ ಇರುತ್ತವೆ. ಎಂಟನೇ ವಾರದಲ್ಲಿ 'ಬಹುತೇಕ' ಅನ್ನಿಸಿಕೊಂಡವರಲ್ಲಿ ಎಷ್ಟೋ ಜನ ಇನ್ನೆರಡು ಮೂರು ತಿಂಗಳಲ್ಲಿ 'ಪೂರ್ಣ' ಆಗುತ್ತಾರೆ. ಒಂದು ಚಿತ್ರಕ್ಕಿಂತ ಎರಡು ಚಿತ್ರಗಳ ನಡುವಿನ ವ್ಯತ್ಯಾಸ ಹೆಚ್ಚು ಮಾತಾಡುತ್ತದೆ. ಹೊಸ ತಂತ್ರಗಳನ್ನು ಅಳೆಯುವಾಗ ನಾನು ಕೇಳುವ ಪ್ರಶ್ನೆಯೂ ಇದೇ. ಸುಮ್ಮನೆ ಎಂಟು ವಾರ ಕಾದು ಹಳೆಯ ಸ್ಕ್ಯಾನ್ ಮತ್ತೆ ಮಾಡಿದ್ದಕ್ಕಿಂತ ಇದು ಹೆಚ್ಚೇನು ಹೇಳಿತು? ಬಹಳ ಅಧ್ಯಯನಗಳು ಈ ಹೋಲಿಕೆಯನ್ನೇ ಮಾಡುವುದಿಲ್ಲ.

ಕಾಯುವುದಕ್ಕೂ ಬೆಲೆ ಇದೆ, ಅದನ್ನು ಮುಚ್ಚಿಡಬಾರದು. 2018ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ದಾಖಲೆಯಲ್ಲಿ, ಗಡ್ಡೆ ಪೂರ್ತಿ ಹೋಯಿತು ಅಂತ ಕಾದು ನೋಡಿದ 880 ಜನರ ಲೆಕ್ಕ ಇದೆ. ಎರಡು ವರ್ಷದಲ್ಲಿ ಅವರಲ್ಲಿ ಕಾಲು ಭಾಗ ಜನರಿಗೆ ಗಡ್ಡೆ ಮತ್ತೆ ಬೆಳೆಯಿತು. ನ್ಯೂಯಾರ್ಕ್‌ನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕೇಂದ್ರ 2019ರಲ್ಲಿ ತನ್ನ 113 ರೋಗಿಗಳ ಲೆಕ್ಕ ಕೊಟ್ಟಿತು. ಹೀಗೆ ಮತ್ತೆ ಬೆಳೆದವರಲ್ಲಿ 36% ಜನರಿಗೆ ಕ್ಯಾನ್ಸರ್ ದೂರಕ್ಕೂ ಹರಡಿತ್ತು. ಬೆಳೆಯದವರಲ್ಲಿ ಬರೀ 1%. ಕಾದದ್ದರಿಂದ ಹರಡಿತೋ, ಮೊದಲಿನಿಂದಲೂ ಆ ಗಡ್ಡೆಗಳೇ ಹಟಮಾರಿಗಳೋ, ಈ ಅಂಕಿಗಳಿಂದ ಹೇಳಲಾಗದು. ಆದರೆ ಕಲೆಯಂತೆ ಕಂಡ ಕೆಂಡವನ್ನು ಮೊದಲೇ ಗುರುತಿಸುವ ಸ್ಕ್ಯಾನ್‌ಗೆ ಯಾಕಿಷ್ಟು ಬೆಲೆ ಅಂತ ಇದರಿಂದ ತಿಳಿಯುತ್ತದೆ.

ಅದೇ 880 ಜನರ ದಾಖಲೆಯಲ್ಲಿ ಇನ್ನೊಂದು ಅಂಕಿ ಇದೆ. ಮತ್ತೆ ಬೆಳೆದ ಗಡ್ಡೆಗಳಲ್ಲಿ 97% ಕರುಳಿನ ಗೋಡೆಯಲ್ಲೇ ಇದ್ದವು, ಅಂದರೆ ಬೆರಳಿಗೆ, ಎಂಡೋಸ್ಕೋಪ್‌ಗೆ ಎಟುಕುವ ಕಡೆ. 88% ಕಂಡದ್ದು ಮೊದಲ ಎರಡು ವರ್ಷದೊಳಗೆ. ಅದಕ್ಕೇ ಮೊದಲ ಎರಡು ವರ್ಷ ಮೂರ್ನಾಲ್ಕು ತಿಂಗಳಿಗೊಮ್ಮೆ ಎಂಡೋಸ್ಕೋಪಿ, ಆಗಾಗ ಎಂಆರ್‌ಐ ಅಂತ ಕಟ್ಟುನಿಟ್ಟು ಮಾಡುತ್ತಾರೆ. ಆ ಓಡಾಟ ಸಾಧ್ಯವಿಲ್ಲದವರಿಗೆ ಕಾದು ನೋಡುವ ದಾರಿ ಸುರಕ್ಷಿತ ಅಂತ ನನಗೆ ಅನ್ನಿಸುವುದಿಲ್ಲ, ಸ್ಕ್ಯಾನ್ ಎಷ್ಟೇ ಹೊಸದಿರಲಿ. ರಕ್ತದಲ್ಲಿ ತೇಲುವ ಗಡ್ಡೆಯ ಡಿಎನ್ಎ ಹುಡುಕುವ ಪರೀಕ್ಷೆಯೂ ಈ ಸಾಲಿಗೆ ಸೇರಲು ಬಾಗಿಲಲ್ಲಿ ನಿಂತಿದೆ. ದೂರ ಹರಡಿದ್ದನ್ನು ಹೇಳುವುದರಲ್ಲಿ ಅದರ ಮಾತಿಗೆ ತೂಕ ಇದೆ. ಗೋಡೆಯಲ್ಲಿ ಉಳಿದ ಚೂರು ರಕ್ತಕ್ಕೆ ಬಿಡುವ ಡಿಎನ್ಎ ಬಹಳ ಕಡಿಮೆ, ಹಾಗಾಗಿ ಅಲ್ಲಿ ಅದರ 'ಇಲ್ಲ' ಅನ್ನುವ ಮಾತನ್ನು ನಂಬುವುದು ಕಷ್ಟ.

ಮತ್ತೆ ಆ ಬಿಳಿ ಚುಕ್ಕೆಗೆ ಬರೋಣ. ಅದನ್ನು ನೋಡಿದ ಅನುಭವಸ್ಥ ರೇಡಿಯಾಲಜಿಸ್ಟ್ ಮೊದಲು ಎಡಿಸಿ ನಕ್ಷೆ ತೆರೆಯುತ್ತಾರೆ. ಅಲ್ಲಿ ಅದೇ ಜಾಗ ಕಪ್ಪಿದೆಯೇ? ಆಮೇಲೆ ಹಳೆಯ ಸ್ಕ್ಯಾನ್ ಪಕ್ಕಕ್ಕಿಟ್ಟು, ನಾಳದ ದುಂಡು ಗೋಡೆಯನ್ನು ಗಡಿಯಾರದ ಮುಖ ಅಂತ ಎಣಿಸಿ, ಗಡ್ಡೆ ಮೊದಲು ಯಾವ ಗಂಟೆಯ ಕಡೆ ಇತ್ತು ಅಂತ ನೋಡುತ್ತಾರೆ. ಗಡ್ಡೆ ಇದ್ದದ್ದು 4 ಗಂಟೆಯ ಕಡೆ, ಚುಕ್ಕೆ ಇರುವುದು 12ರ ಹತ್ತಿರ, ಅದರ ಪಕ್ಕದಲ್ಲೇ ಒಂದು ಗಾಳಿ ಗುಳ್ಳೆ. ಹಾಗಿದ್ದರೆ ರಿಪೋರ್ಟ್‌ಗೆ ಇನ್ನೊಂದು ಸಾಲು ಸೇರುತ್ತದೆ: ಎನಿಮಾ ಕೊಟ್ಟು, ಇದೇ ಕೋನದಲ್ಲಿ, ಎಂಟು ವಾರದ ನಂತರ ಮತ್ತೆ ಸ್ಕ್ಯಾನ್ ಮಾಡಿ. ಅದಕ್ಕೂ ಮುಂಚೆ ಎಂಡೋಸ್ಕೋಪಿ ಆಗಲಿ.